ಹೊಸತಿನ ದಿನ ಬೇಯಿಸಿದ ಡೋನಟ್

ಮೊನ್ನೆ ನವರಾತ್ರಿಗೆ ಎರಡು ದಿನ ಇರುವಾಗ ನನ್ನ ಮಗಳು ಮೂಡುಬಿದಿರೆಯ ಈ ಮನೆಯ ಅಡುಗೆಕೋಣೆಯಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟುಕೊಂಡು ಡೋನಟ್ ಮಾಡಿದಳು. ಎಣ್ಣೆಯಲ್ಲಿ ಕರಿದದ್ದಲ್ಲ, ಓವನಿನಲ್ಲಿ ಬೇಯಿಸಿದ್ದು. ಸಿಹಿಗುಂಬಳದ ತಿರುಳು, ದಾಲ್ಚಿನ್ನಿ, ಜಾಯಿಕಾಯಿ ಎಲ್ಲ ಹಾಕಿ, ಮೇಲಿಂದ ಸಕ್ಕರೆ ಉದುರಿಸಿ ಬಿಸಿಬಿಸಿಯಾಗಿ ತಟ್ಟೆಯಲ್ಲಿ ತಂದಿಟ್ಟಳು.

"ತಿಂದು ನೋಡು ಅಮ್ಮ. ನಿನ್ನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

"ಇಲ್ಲಪ್ಪ, ಕಂಡೇ ಇಲ್ಲ" ಎಂದೆ.

ಸುಳ್ಳು. ಹತ್ತು ವರ್ಷದವಳಿದ್ದಾಗ ಅದರ ಹಿಟ್ಟು ಕಲಸುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅದು ಉಬ್ಬಲಿಕ್ಕೆ ಬೇಕಾದ್ದನ್ನು ಓಡಿಹೋಗಿ ತಂದುಕೊಟ್ಟವಳೂ ನಾನೇ. ಸುಳ್ಳು ಹೇಳುವುದು ನನಗೆ ಆಗಲೇ ಅಭ್ಯಾಸವಾಗಿತ್ತು, ಅದೂ ಇದೇ ತಿಂಡಿಯ ವಿಷಯದಲ್ಲಿ. ಮಗಳ ಎದುರಿಗೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ, ಚೆನ್ನಾಗಿ ಉಂಟು ಎಂದೆ, ಅವಳು ಆಚೆ ಹೋದ ಕೂಡಲೇ ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ.

ನಾನು ಬೆಳೆದದ್ದು ವಾಮದಪದವಿನಿಂದ ಒಂದು ಮೈಲು ಒಳಗಿನ ಅಜ್ಜಿಮನೆಯಲ್ಲಿ. ಆ ಮನೆ ಎಂದರೆ ನನಗೆ ಮೊದಲು ಬರುವುದು ರಬ್ಬರಿನ ನಾತ. ಅಡುಗೆಕೋಣೆಯ ಹಿಂದಿನ ಗೋಡೆಗೆ ತಾಗಿಕೊಂಡೇ ರಬ್ಬರ್ ಶೀಟು ಒಣಗಿಸುವ ಹೊಗೆಮನೆ. ಅದರ ಹೊಗೆ ನಮ್ಮ ಚಾಪೆಗೆ, ತಲೆದಿಂಬಿಗೆ, ಶಾಲೆಯ ಚೀಲಕ್ಕೆ, ಬುತ್ತಿಯ ಅನ್ನಕ್ಕೆ ಕೂಡ ಹತ್ತುತ್ತಿತ್ತು. ನಾನು ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಮೂಗು ಹಿಡಿದುಕೊಂಡು "ಶೀಟು ಬಂತು, ಶೀಟು" ಎನ್ನುತ್ತಿದ್ದರು. ಅಮ್ಮನೂ ನಾನೂ ಮಲಗುತ್ತಿದ್ದದ್ದು ಅಡುಗೆಕೋಣೆಗೂ ಹೊಗೆಮನೆಗೂ ನಡುವಿನ ಉಗ್ರಾಣದಲ್ಲಿ, ತೆಂಗಿನಕಾಯಿ ರಾಶಿಯ ಬದಿಯಲ್ಲಿ. ಮುಂದೆ ಚಾವಡಿಯ ಎರಡು ಬದಿಗೂ ಕೋಣೆಗಳಿದ್ದವು, ಗಾಳಿ ಬೆಳಕು ಬರುವಂಥವು. ಅವು ಬಂದುಹೋಗುವವರಿಗೆ. ನಾವು ಬಂದುಹೋಗುವವರಲ್ಲವಲ್ಲ, ಬಂದು ಉಳಿದವರು. ಅಪ್ಪ ಚಾರ್ಮಾಡಿ ಹತ್ತಿ ಘಟ್ಟದ ಮೇಲಿನ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಹೋದವರು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡರು. ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ತವರಿಗೆ ಬಂದಳು, ಸೀದಾ ಅಡುಗೆಕೋಣೆಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ನಗು ಬರುವ ವಿಷಯವೆಂದರೆ ನಮ್ಮದು ಹೆಣ್ಣಿನ ಕಡೆಯಿಂದ ನಡೆದು ಬಂದ ಕುಟುಂಬ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮಾತು ಬೇರೆಯವರಿಗೆ. ನಮ್ಮಲ್ಲಿ ಮನೆ ಅಜ್ಜಿಯಿಂದ ಮಗಳಿಗೆ, ಅಂದರೆ ನನ್ನ ಅಮ್ಮನಿಗೆ. ಅಮ್ಮನ ತಮ್ಮ, ನನ್ನ ಮಾವ, ಗಲ್ಫಿನಲ್ಲಿದ್ದರು. ಅವರ ಹೆಂಡತಿ ಶಶಿ ಮಾಮಿ ಲೆಕ್ಕಪ್ರಕಾರ ಹೊರಗಿನಿಂದ ಬಂದವರು. ಆದರೆ ಲೆಕ್ಕಪ್ರಕಾರ ನಡೆಯುವ ಮನೆ ಯಾವುದುಂಟು? ಗಂಡ ಬಿಟ್ಟವಳ ಮಾತಿಗೆ ಆ ಮನೆಯಲ್ಲಿ ಬೆಕ್ಕು ಕೂಡ ಕಿವಿ ನಿಮಿರಿಸುತ್ತಿರಲಿಲ್ಲ. ನಾಳೆ ಎಂತ ಅಡುಗೆ ಮಾಡುವುದೆಂದು ಕೂಡ ಅಮ್ಮನನ್ನು ಯಾರೂ ಕೇಳುತ್ತಿರಲಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಎಂದು ಅಜ್ಜಿಯೇ ಒಮ್ಮೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ.

ವರ್ಷದಲ್ಲಿ ಒಂದು ದಿನ ಮಾತ್ರ ಬೇರೆ. ಹೊಸ ಅಕ್ಕಿಯ ಊಟದ ದಿನ. ನಾವು ಪುದ್ದಾರ್ ಎನ್ನುತ್ತೇವೆ, ಕನ್ನಡದಲ್ಲಿ ಹೊಸತು ಎಂದರೆ ಸಾಕು. ಅಂದು ಎಲೆಯ ಮುಂದೆ ಕೂರುವ ಮೊದಲು ಕಿರಿಯರೆಲ್ಲ ಸಾಲಾಗಿ ಬಂದು ಪ್ರಾಯದ ಕ್ರಮದಲ್ಲಿ ಒಬ್ಬೊಬ್ಬ ಹಿರಿಯರ ಮುಂದೆಯೂ ಬಗ್ಗಿ "ಹೊಸತು ಉಣ್ತೇನೆ" ಎಂದು ಅಪ್ಪಣೆ ಕೇಳಬೇಕು. ಅವರು ತಲೆ ಮುಟ್ಟಿ "ಉಣ್ಣು" ಎನ್ನಬೇಕು. ಕೇಳದೆ ಉಂಡರೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನಂಬಿಕೆ. ಅಂದು ಅಮ್ಮ ಸೀರೆ ಬದಲಾಯಿಸಿ ಚಾವಡಿಗೆ ಬಂದು, ಅಜ್ಜಿಯ ಅಣ್ಣ ಯಜಮಾನಜ್ಜ, ಆಮೇಲೆ ಅಜ್ಜಿ, ಅವರ ಪಕ್ಕದಲ್ಲಿ ಮೂರನೆಯವಳಾಗಿ ಕೂರುತ್ತಿದ್ದಳು. ಗಲ್ಫಿನ ಮಾವ ಊರಲ್ಲಿದ್ದರೆ ಅವರೂ ಬಗ್ಗಬೇಕು, ಶಶಿ ಮಾಮಿಯೂ ಬಗ್ಗಬೇಕು. ಅಮ್ಮ ಅಂದು ಉಣ್ಣು ಎಂದು ಹೇಳುವಾಗ ಅವಳ ಸ್ವರವೇ ಬೇರೆ ಇರುತ್ತಿತ್ತು. ಅದೊಂದು ದಿನಕ್ಕಾಗಿ ಅವಳು ಉಳಿದ ದಿನಗಳನ್ನೆಲ್ಲ ಸಹಿಸುತ್ತಾಳೆ ಎಂದು ನನಗೆ ಆ ಪ್ರಾಯದಲ್ಲೇ ಗೊತ್ತಿತ್ತು. ಗೊತ್ತಿದ್ದೇ ನಾನು ಮಾಡಿದ್ದು, ಅದಕ್ಕೇ ಇಷ್ಟು ಬರೆಯಬೇಕಾಗಿ ಬಂತು.

ಆ ವರ್ಷ ಮಾಮಿ ಮಾವನನ್ನು ಅಲ್ಲೇ ಬಿಟ್ಟು, ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದರು. ಮೂಡುಬಿದಿರೆಯಲ್ಲಿ ಮನೆ ಮಾಡಿಯಾಗಿತ್ತು, ಹೊಸತು ಮುಗಿಸಿ ಅಲ್ಲಿಗೆ ಹೋಗುವುದೆಂದಾಗಿತ್ತು. ಸಾಮಾನಿನ ಜೊತೆ ಒಂದು ಓವನ್, ಆರು ಗುಂಡಿಗಳಿರುವ ಒಂದು ಡೋನಟ್ ಟ್ರೇ, ನನಗೊಂದು ನೀಲಿ ಫ್ರಾಕು ಬಂದವು. ಮಾಮಿ ಕೆಟ್ಟವರೆಂದು ಹೇಳಿದರೆ ನನಗೆ ಸುಲಭ. ಆದರೆ ಹಾಗೆ ಹೇಳಲಾರೆ. ಆ ಮನೆಯಲ್ಲಿ ನನ್ನ ತಲೆಯನ್ನು ಸುಮ್ಮನೆ, ಕಾರಣವಿಲ್ಲದೆ ಸವರಿದ ಮೊದಲ ಮನುಷ್ಯರು ಅವರೇ. ಬಂದ ಮೂರನೆಯ ದಿನ ನನ್ನನ್ನು ತೋರಿಸಿ ಅಮ್ಮನ ಎದುರಿಗೇ ಹೇಳಿದರು:

"ವನಜನನ್ನು ನಾನು ಕರ್ಕೊಂಡು ಹೋಗ್ತೇನೆ ಅಕ್ಕ. ಮಗುವಿಗೆ ಜೊತೆ ಆಗ್ತದೆ. ಅಲ್ಲಿ ಒಳ್ಳೆ ಇಂಗ್ಲಿಷ್ ಮೀಡಿಯಂ ಉಂಟು, ಇವಳೂ ಕಲೀಲಿ. ಪುದ್ದಾರ್ ಕಳೀಲಿ, ಮಾತಾಡುವ."

ಆ ರಾತ್ರಿ ಅಮ್ಮ ನನ್ನ ಎರಡು ಲಂಗಗಳ ಅಂಚು ಬಿಚ್ಚಿ ಉದ್ದ ಮಾಡಿ ಹೊಲಿದಳು. ನನಗಂತೂ ಮೂಡುಬಿದಿರೆ ಎಂದರೆ ಹೊಗೆಯ ನಾತವಿಲ್ಲದ ಊರು, ಅಷ್ಟೇ. ಅಲ್ಲಿ ಯಾರೂ ನನ್ನನ್ನು ಶೀಟು ಎನ್ನುವುದಿಲ್ಲ. ಪುದ್ದಾರ್ ಕಳೆಯುವುದನ್ನು ಕಾಯುತ್ತಾ ಮಾಮಿಯ ಬೆನ್ನ ಹಿಂದೆಯೇ ಸುತ್ತುತ್ತಿದ್ದೆ, ಅವರು ಕೂತರೆ ಕೂರುವುದು, ನಿಂತರೆ ನಿಲ್ಲುವುದು.

ಹೊಸತಿಗೆ ಬರುವವರಿಗೆ ಬೆಳಗಿನ ಚಹಾದ ಜೊತೆ ಅಮ್ಮ ಪ್ರತಿ ವರ್ಷ ಗೆಂಡದಡ್ಯೆ ಮಾಡುತ್ತಿದ್ದಳು. ಗೆಂಡ ಎಂದರೆ ಕೆಂಡ. ಅಕ್ಕಿ, ಬೆಲ್ಲ, ಸಿಹಿಗುಂಬಳ ಕಲಸಿದ ಹಿಟ್ಟನ್ನು ಕಂಚಿನ ಉರುಳಿಯಲ್ಲಿ ಹಾಕಿ, ಕೆಳಗೆ ಸಣ್ಣ ಉರಿ, ಮೇಲಿನ ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡಿ ಬೇಯಿಸುವುದು. ಈ ಸಲ ಅದು ಬೇಡ, ಡೋನಟ್ ಮಾಡುವ ಎಂದು ಮಾಮಿ ಹೊರಟರು. ಬೆಳ್ತಂಗಡಿ ಕಡೆಯ ನೆಂಟರಿಗೆಲ್ಲ ಮೊದಲೇ ಹೇಳಿಯೂ ಆಗಿತ್ತು.

"ಗಲ್ಫಿನಲ್ಲಿ ಈ ತಿಂಗಳಲ್ಲಿ ಬೇಕರಿಯಲ್ಲೆಲ್ಲ ಕುಂಬಳಕಾಯಿಯದ್ದೇ ಅಕ್ಕ. ಬಿಳಿಯರ ದೇಶದಲ್ಲಿ ಎಲೆ ಉದುರುವ ಕಾಲ ಅಲ್ವಾ, ಅದರ ರುಚಿ ಅಂತೆ."

"ಎಲೆ ಉದುರಿದ್ದಕ್ಕೆ ತಿಂಡಿಯಾ?" ಎಂದರು ಅಜ್ಜಿ. "ನಮ್ಮಲ್ಲಿ ರಬ್ಬರಿನ ಎಲೆ ಉದುರಿದ್ರೆ ಹಾಲೇ ಇಲ್ಲ, ಎಂತ ತಿನ್ನುವುದು?"

ಹೊಸತಿನ ಮುಂಚಿನ ದಿನ ಮಧ್ಯಾಹ್ನ ಮಾಮಿ ಮೈದಾ, ಕುಂಬಳದ ತಿರುಳು, ಹಾಲು, ಬೆಣ್ಣೆ ಎಲ್ಲ ಕಲಸಿ, ಗಲ್ಫಿನ ಡಬ್ಬಿಯಿಂದ ಯೀಸ್ಟ್ ಹಾಕಿ ಮುಚ್ಚಿಟ್ಟರು. ಎರಡು ಗಂಟೆ ಕಳೆದರೂ ಹಿಟ್ಟು ಇಟ್ಟಲ್ಲೇ ಇಟ್ಟ ಹಾಗೆ. ನಮ್ಮ ಮಳೆಗಾಲದ ಥಂಡಿಗೆ ಆ ಯೀಸ್ಟ್ ಡಬ್ಬಿಯೊಳಗೇ ಸತ್ತಿತ್ತು. ಓವನ್ ಹಾಕಿದರೆ ಕರೆಂಟು ಇದ್ದೂ ಇಲ್ಲದ ಹಾಗೆ, ಬಲ್ಬು ಮಿಣಿಮಿಣಿ ಎಂದು ಕೊನೆಗೆ ಫ್ಯೂಸೇ ಹೋಯಿತು. ಮಾಮಿಯ ಕಣ್ಣಲ್ಲಿ ನೀರು ಬಂತು. ಅಮ್ಮ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಬೇಯಿಸುವುದು ನಂಗೆ ಬಿಡು ಶಶಿ. ಉರುಳಿಯಲ್ಲಿ ಬೇಯಿಸ್ತೇನೆ. ಆದ್ರೆ ಹಿಟ್ಟು ಉಬ್ಬಬೇಕಲ್ಲ."

"ಫರಂಗಿಪೇಟೆಯ ಒಬ್ಬರು ಕ್ರಿಶ್ಚನ್ ಬಾಯಮ್ಮ ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ರು ಅಕ್ಕ. ಹಿಟ್ಟು ಉಬ್ಬಲಿಕ್ಕೆ ಊರಲ್ಲಿ ಕಳ್ಳು ಹಾಕುವುದು ಅಂತ ಹೇಳ್ತಿದ್ರು. ಒಂದು ಕುಡ್ತೆ ಕಳ್ಳು ಹಾಕುವ."

"ನಾಳೆ ಹೊಸತು ಮಾರಾಯ್ತಿ! ಮೀನು ಕೂಡ ಒಳಗೆ ತರುವುದಿಲ್ಲ, ಕಳ್ಳು ತರುವುದಾ?"

"ಬೆಂದ ಮೇಲೆ ಎಂತ ಉಳೀತದೆ? ಯಾರಿಗೆ ಗೊತ್ತಾಗ್ತದೆ? ಏನಾದ್ರೂ ಆದ್ರೆ ನಾನಿದ್ದೇನಲ್ಲ ಅಕ್ಕ."

ಅಮ್ಮ ಸ್ವಲ್ಪ ಹೊತ್ತು ನನ್ನನ್ನು ನೋಡಿದಳು. ಮಾಮಿಯನ್ನಲ್ಲ, ನನ್ನನ್ನು. ಮಾಮಿಯ ಮನಸ್ಸು ಮುರಿದರೆ ನನ್ನ ಮೂಡುಬಿದಿರೆಯೂ ಮುರಿಯುತ್ತದೆ ಎಂದು ಅವಳು ಎಣಿಸಿರಬೇಕು. ಅಟ್ಟದಿಂದ ಒಂದು ಖಾಲಿ ಕುಪ್ಪಿ ತೆಗೆದು ನನ್ನ ಕೈಗೆ ಕೊಟ್ಟಳು. ನಾನು ಗುಡ್ಡದ ಕೆಳಗೆ ಕಳ್ಳು ಇಳಿಸುವವರ ಮನೆಗೆ ಓಡಿದೆ.

ಸಂಜೆಗೆ ಹಿಟ್ಟು ಪಾತ್ರೆಯ ಬಾಯಿಗೆ ಬಂದಿತ್ತು. ಮರುದಿನ ಬೆಳಿಗ್ಗೆ ಅಮ್ಮ ಎಲ್ಲರಿಗಿಂತ ಮೊದಲು ಎದ್ದು ಬೇಯಿಸಲು ಕೂತಳು. ಮಾಮಿಯ ಟ್ರೇ ಉರುಳಿಯೊಳಗೆ ಹಿಡಿಯಲಿಲ್ಲ. ಅಮ್ಮ ಬಾಳೆಎಲೆಯ ತುಂಡುಗಳ ಮೇಲೆ ಉಂಡೆಯಿಟ್ಟು, ಉದ್ದಿನ ವಡೆಗೆ ಮಾಡುವ ಹಾಗೆ ಹೆಬ್ಬೆರಳಿನಿಂದ ನಡುವೆ ತೂತು ಮಾಡಿದಳು. ಉರುಳಿಯ ತಳಕ್ಕೆ ಮರಳು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಎಲೆಯ ಸಮೇತ ಡೋನಟ್. ಮುಚ್ಚಳದ ಮೇಲಿನ ಕೆಂಡವನ್ನು ಅವಳು ಇಕ್ಕುಳದಲ್ಲಿ ಒಂದೊಂದಾಗಿ ಜರುಗಿಸುತ್ತಿದ್ದಳು, ಕೆನ್ನೆ ಹತ್ತಿರ ತಂದು ಬಿಸಿ ನೋಡುತ್ತಿದ್ದಳು. ಒಂದೂ ಕರಟಲಿಲ್ಲ. ಮೇಲೆ ಕೆಂಪಗೆ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ತುಪ್ಪ ಸವರಿ, ಸಕ್ಕರೆಯಲ್ಲಿ ದಾಲ್ಚಿನ್ನಿ ಪುಡಿ ಬೆರೆಸಿ ಹೊರಳಿಸಿ ಮೊದಲನೆಯದ್ದನ್ನು ನನ್ನ ಬಾಯಿಗೆ ಇಟ್ಟಳು. ಆ ರುಚಿಯನ್ನು ಬರೆಯಲು ನನಗೆ ಮನಸ್ಸಿಲ್ಲ. ಅದಕ್ಕಿಂತ ಒಳ್ಳೆಯದನ್ನು ನಾನು ಈವರೆಗೆ ತಿಂದಿಲ್ಲ ಎಂದರೆ ಸಾಕು.

ನೆಂಟರು ಬಂದರು, ಚಾವಡಿಯಲ್ಲಿ ಚಹಾ ಆಯಿತು. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅಯ್ಯೋ ಶಶಿ, ಎಂತ ಕೈ ಮಾರಾಯ್ತಿ ನಿಂದು, ಬಾಯಲ್ಲಿಟ್ಟರೆ ಕರಗ್ತದೆ ಎಂದರು. ಮಾಮಿ ನಗುತ್ತಾ ಗಲ್ಫಿನಲ್ಲಿ ಕಲಿತದ್ದು ಎಂದರು. ಅಮ್ಮನ ಹೆಸರು ಬರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅಮ್ಮ ಅದಕ್ಕೆ ಬೇಸರಿಸಿದವಳ ಹಾಗೆ ಕಾಣಲಿಲ್ಲ, ನನ್ನನ್ನು ನೋಡಿ ಹುಬ್ಬು ಹಾರಿಸಿದಳು. ಆಗ ಯಜಮಾನಜ್ಜ ಎರಡನೆಯದ್ದನ್ನು ಅರ್ಧ ತಿಂದು ನಿಲ್ಲಿಸಿದರು. ಉಳಿದ ಅರ್ಧವನ್ನು ಮೂಗಿನ ಹತ್ತಿರ ಹಿಡಿದರು. ಪ್ರತಿ ಸಂಜೆ ಹೊಗೆಮನೆಯ ಹಿಂದೆ ಕೂತು ಒಂದು ಕುಪ್ಪಿ ಮುಗಿಸುವ ಮನುಷ್ಯ ಅವರು. ಆ ಮೂಗಿಗೆ ಮೋಸ ಮಾಡುವುದುಂಟಾ!

"ಇದಕ್ಕೆ ಕಳ್ಳು ಹಾಕಿದ್ದಾ?"

ಮಾಮಿಯ ಮುಖ ಬಿಳುಚಿತು.

"ನಾನು ಹಿಟ್ಟು ಕಲಸಿ ಕೊಟ್ಟದ್ದು ಮಾತ್ರ ಅಜ್ಜ. ಬೇಯಿಸಿದ್ದೆಲ್ಲ ಗಿರಿಜಕ್ಕ."

ಅಷ್ಟು ಹೊತ್ತು ಇಲ್ಲದ ನನ್ನ ಅಮ್ಮನ ಹೆಸರು ಆಗ ಬಂತು. ಅಮ್ಮ ಹೊಸ್ತಿಲಿಗೆ ಬಂದು ನಿಂತಳು.

"ಶಶಿ ಹೇಳಿದ್ದಕ್ಕೆ ಹಾಕಿದ್ದು" ಎಂದಳು.

"ಅಯ್ಯೋ ದೇವರೇ, ನಾನಾ ಅಕ್ಕ?"

ಯಜಮಾನಜ್ಜ ಬೈಯತೊಡಗಿದರು. ಹೊಸತಿನ ದಿನ, ದೈವಕ್ಕೆ ಇನ್ನೂ ಎಡೆ ಇಟ್ಟಿಲ್ಲ, ಮನೆ ಮೈಲಿಗೆಯಾಯಿತು, ಗಂಡನ ಮನೆ ಉಳಿಸಿಕೊಳ್ಳದವಳು ತವರನ್ನು ಉಳಿಸಿಯಾಳಾ ಎಂದು ಏನೇನೋ. ಅಜ್ಜಿ ನನ್ನನ್ನು ಕೈ ಹಿಡಿದು ಎಳೆದು ನಡುವೆ ನಿಲ್ಲಿಸಿದರು.

"ನೀನು ನಿನ್ನೆ ಅಲ್ಲೇ ಇದ್ದಿಯಲ್ಲ. ಸತ್ಯ ಹೇಳು. ಕಳ್ಳು ತಾ ಅಂತ ನಿನ್ನನ್ನು ಕಳಿಸಿದ್ದು ಯಾರು?"

ಮಾಮಿ ನನ್ನನ್ನು ಹೆದರಿಸಲಿಲ್ಲ, ಕಣ್ಸನ್ನೆಯನ್ನೂ ಮಾಡಲಿಲ್ಲ. ಅವರು ತಲೆ ತಗ್ಗಿಸಿ ಮಗಳ ಜಡೆ ಸರಿಮಾಡುತ್ತಿದ್ದರು. ಅಮ್ಮ ಹೊಸ್ತಿಲಲ್ಲಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಂಶಯವೇ ಇರಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. ನಾನು ಮೂಡುಬಿದಿರೆಯನ್ನು ನೆನೆದೆ. ಕುಪ್ಪಿಯನ್ನು ನನ್ನ ಕೈಗೆ ಕೊಟ್ಟದ್ದು ಯಾರು ಎಂದು ನನಗೆ ನಾನೇ ಕೇಳಿಕೊಂಡೆ.

"ಅಮ್ಮ" ಎಂದೆ.

ಕುಪ್ಪಿ ಕೊಟ್ಟದ್ದು ಅಮ್ಮನೇ ಅಲ್ಲವೇ, ನಾನು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಥೂ, ಅಂಥ ಸಮಾಧಾನಕ್ಕೆ ಬೆಂಕಿ ಬೀಳಲಿ. ಅಮ್ಮ ಹೊಸ್ತಿಲಿನಿಂದ ಒಳಗೆ ಸರಿದಳು. ಉಳಿದ ಡೋನಟ್‌ಗಳನ್ನು ದನಕ್ಕೆ ಹಾಕಿದರು. ಚಾವಡಿಗೆ, ಅಡುಗೆಕೋಣೆಗೆ ಸೆಗಣಿನೀರು ಹಾಕಿ ಬಳಿಸಿದರು. ಬಳಿದದ್ದೂ ಅಮ್ಮನೇ. ಗಿರಿಜ ಇವತ್ತು ಹೊಸ ಅಕ್ಕಿ ಮುಟ್ಟುವುದು ಬೇಡ ಎಂದು ಯಜಮಾನಜ್ಜ ಕಡ್ಡಿ ಮುರಿದ ಹಾಗೆ ಹೇಳಿದರು. ಅನ್ನವನ್ನು ಶಶಿ ಮಾಮಿ ಇಟ್ಟರು.

ಮಧ್ಯಾಹ್ನ ಎಲೆ ಹಾಕಿದ ಮೇಲೆ ಅಪ್ಪಣೆ ಕೇಳುವ ಸಾಲು ನಿಂತಿತು. ಯಜಮಾನಜ್ಜ, ಅಜ್ಜಿ. ಅಜ್ಜಿಯ ಪಕ್ಕದ ಮಣೆ ಖಾಲಿ. ಅಮ್ಮನಿಗೆ ಅಲ್ಲಿ ಕೂರು ಎಂದು ಯಾರೂ ಹೇಳಲಿಲ್ಲ, ಕೂರಬೇಡ ಎಂದೂ ಹೇಳಲಿಲ್ಲ. ಅವಳು ಸೀರೆ ಬದಲಾಯಿಸಿಕೊಂಡು ಬಂದು ಅಡುಗೆಕೋಣೆಯ ಬಾಗಿಲ ಬಳಿ ನಿಂತಿದ್ದಳು. ಸಾಲಿನವರು ಅಜ್ಜಿಯ ಮುಂದೆ ಬಗ್ಗಿ ಎದ್ದು, ಬಾಗಿಲ ಕಡೆ ತಿರುಗದೆ ಸೀದಾ ಎಲೆಯ ಹತ್ತಿರ ಹೋದರು. ಮಾಮಿಯೂ ಮಗಳನ್ನು ಎತ್ತಿಕೊಂಡು ಹೋದರು. ಕೊನೆಗೆ ನಾನು, ನೀಲಿ ಫ್ರಾಕು ಹಾಕಿಕೊಂಡು. ನಾನು ಅಜ್ಜಿಯ ಮುಂದಿನಿಂದ ಎದ್ದಾಗ ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಅವಳ ಬಲಗೈ ಎದೆಯ ಮಟ್ಟಕ್ಕೆ ಎದ್ದಿತ್ತು. ಉಳಿದವರು ಬಿಟ್ಟರೂ ಹೊಟ್ಟೆಯಲ್ಲಿ ಹುಟ್ಟಿದವಳು ಕೇಳಿಯಾಳು ಎಂದು ಎಣಿಸಿದ್ದಳೋ ಏನೋ. ಅಜ್ಜಿ ನನ್ನ ಬೆನ್ನಿಗೆ ಕೈಯಿಟ್ಟು "ಹೋಗು, ಕೂತ್ಕೋ" ಎಂದರು. ಜೋರಾಗಿ ನೂಕಲಿಲ್ಲ. ನೂಕಿದರೂ ತಿರುಗಿ ನಿಲ್ಲಬಹುದಿತ್ತು. ನಾನು ಹೋಗಿ ಮಾಮಿಯ ಪಕ್ಕದ ಎಲೆಗೆ ಕೂತೆ.

ಒಂದು ವಾರದಲ್ಲಿ ನಾನು ಮೂಡುಬಿದಿರೆಗೆ ಹೊರಟೆ. ಆ ವಾರ ಅಮ್ಮ ಹೊಡೆಯಬಹುದು, ಅಳಬಹುದು ಎಂದು ಕಾದೆ. ಅವಳು ದಿನವೂ ತಲೆ ಬಾಚಿದಳು, ಬುತ್ತಿ ಕಟ್ಟಿದಳು, ಬೇಕಾದಷ್ಟೇ ಮಾತಾಡಿದಳು. ಬಸ್ಸು ಬರುವಾಗ "ಮಾಮಿಗೆ ಎದುರು ಮಾತಾಡ್ಬೇಡ" ಎಂದಳು. ಅಲ್ಲಿ ನಾನು ಕಲಿತೆ, ಇಂಗ್ಲಿಷಿನಲ್ಲಿ ಬಹುಮಾನವನ್ನೂ ತೆಗೆದುಕೊಂಡೆ, ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಮಾಮಿ ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಆ ದಿನದ ಬಗ್ಗೆ ಅವರಾಗಲಿ ನಾನಾಗಲಿ ಒಂದು ದಿನವೂ ಬಾಯಿ ಬಿಡಲಿಲ್ಲ, ಬಿಟ್ಟರೆ ಇಬ್ಬರ ಬಣ್ಣವೂ ಬಯಲಾಗುತ್ತಿತ್ತು.

ಮರುವರ್ಷ ಹೊಸತಿಗೆ ಊರಿಗೆ ಬಂದೆವು. ಯಜಮಾನಜ್ಜನಿಗೆ ಹಿಂದಿನದೆಲ್ಲ ಮರೆತೇ ಹೋಗಿತ್ತು. ಅಮ್ಮನೇ ಅನ್ನ ಇಟ್ಟಿದ್ದಳು, ಮೂರನೆಯ ಮಣೆಯನ್ನೂ ಹಾಕಿದ್ದರು. ಅಜ್ಜಿ ಕರೆದರು, ಗಿರಿಜ, ಬಾ, ಮಕ್ಕಳು ಕಾಯ್ತಾ ಇದ್ದಾರೆ ಎಂದು. ಒಳಗಿಂದ ಕೆಲಸ ಉಂಟು ಎಂಬ ಉತ್ತರ ಬಂತು. ಎರಡನೆಯ ಸಲ ಯಾರೂ ಕರೆಯಲಿಲ್ಲ. ಸಾಲು ಮುಂದೆ ಹೋಯಿತು. ನಾನು ಸಾಲು ಬಿಟ್ಟು ಅಡುಗೆಕೋಣೆಗೆ ಹೋದೆ. ವರ್ಷವಿಡೀ ಅದನ್ನೇ ಎಣಿಸಿಕೊಂಡು ಬಂದಿದ್ದೆ. ಅಮ್ಮ ಒಲೆಯ ಮುಂದೆ ಕೂತು ಸಾಂಬಾರನ್ನು ಬಡಿಸುವ ಪಾತ್ರೆಗೆ ಹಾಕುತ್ತಿದ್ದಳು. ಅವಳ ಮುಂದೆ ಬಗ್ಗಿ ನೆಲ ಮುಟ್ಟಿದೆ.

"ಅಮ್ಮ, ಹೊಸತು ಉಣ್ತೇನೆ."

ಅವಳು ಸೌಟು ಕೆಳಗಿಡಲಿಲ್ಲ, ತಲೆ ಎತ್ತಲಿಲ್ಲ.

"ನನ್ನ ಹತ್ರ ಯಾಕೆ ಕೇಳ್ತಿ? ನಿನಗೆ ಅನ್ನ ಹಾಕುವುದು ಮಾಮಿ ಅಲ್ವಾ? ಅವಳ ಹತ್ರ ಕೇಳು."

ಎದ್ದು ಚಾವಡಿಗೆ ಹೋಗಿ ಮಾಮಿಯ ಹತ್ತಿರ ಕೇಳಿದೆ. ಅವರು ತಲೆ ಸವರಿ "ಉಣ್ಣು ಮಗಾ" ಎಂದರು. ಕೂತು ಉಂಡೆ.